ಗಂಡ ಹೆಂಡತಿ ಸೇರಿಯೇ ಬ್ಯಾಂಕ್ರಪ್ಸಿ ಹಾಕಬೇಕು ಅಂತ ಯಾರಾದರೂ ಅಂದರೆ ನಂಬಬೇಡಿ

ಅಮೆರಿಕದಲ್ಲಿರುವ ನಮ್ಮವರಿಗೆ ಹೇಳುತ್ತಿದ್ದೇನೆ. ಸಾಲದಲ್ಲಿ ಸಿಕ್ಕಿಕೊಂಡಿದ್ದೀರಿ, "ಲಾಯರ್ ಯಾಕೆ, ಕಮ್ಮಿ ದುಡ್ಡಲ್ಲಿ ನಾನೇ ಬ್ಯಾಂಕ್ರಪ್ಸಿ, ಅಂದರೆ ದಿವಾಳಿ ಅರ್ಜಿಯ ಪೇಪರ್ ಮಾಡಿಕೊಡ್ತೀನಿ" ಅಂತ ಒಬ್ಬ ಬರುತ್ತಾನೆ. ದಯವಿಟ್ಟು ಅವನಿಂದ ದೂರ ಇರಿ.

ನಮ್ಮ ಸಾಲವೆಲ್ಲ ನನ್ನ ಯಜಮಾನರ ಹೆಸರಲ್ಲಿತ್ತು. ಬಿಸಿನೆಸ್ ಮುಳುಗಿತು, ಕ್ರೆಡಿಟ್ ಕಾರ್ಡ್ ಸಾಲ ಏರಿತು. ಒಂದಕ್ಕೂ ನನ್ನ ಸಹಿ ಇಲ್ಲ. ಒಂದಕ್ಕೂ ಇಲ್ಲ! ನಮಗೂ ಇಂಥವನೊಬ್ಬ ಸಿಕ್ಕಿದ. ಇದನ್ನು ಅವನಿಗೆ ಮೊದಲೇ ಬಿಡಿಸಿ ಹೇಳಿದ್ದೆವು. "ಮೇಡಂ, ಮದುವೆ ಆದಮೇಲೆ ಇಬ್ಬರೂ ಸೇರಿಯೇ ಹಾಕಬೇಕು. ಫೀಸ್ ಒಂದೇ, ಇಬ್ಬರ ಕೆಲಸವೂ ಆಗುತ್ತೆ" ಅಂದ. ಫೀಸ್ ಒಂದೇ ಅನ್ನೋದು ನಿಜ. ಚಾಪ್ಟರ್ 7ಕ್ಕೆ (ಆಸ್ತಿ ಲೆಕ್ಕ ಕೊಟ್ಟು ಸಾಲ ಮನ್ನಾ ಕೇಳೋ ದಿವಾಳಿ ಅರ್ಜಿ) ಒಬ್ಬರು ಹಾಕಿದರೂ ಕೋರ್ಟ್ ಫೀಸ್ 338 ಡಾಲರ್, ಗಂಡ ಹೆಂಡತಿ ಸೇರಿ ಹಾಕಿದರೂ ಅಷ್ಟೇ. ಸೇರಿಯೇ ಹಾಕಬೇಕು ಅನ್ನೋದು ಹಸಿ ಸುಳ್ಳು. ಒಬ್ಬರೇ ಹಾಕಬಹುದು. ಒಂದೇ ಮನೆಯಲ್ಲಿದ್ದರೆ ಇನ್ನೊಬ್ಬರ ಆದಾಯವನ್ನೂ ತೋರಿಸಬೇಕು, ಅಷ್ಟೇ. ಆದಾಯ ತೋರಿಸೋದು ಬೇರೆ, ದಿವಾಳಿ ಅಂತ ಬರೆದುಕೊಡೋದು ಬೇರೆ ಅಲ್ವಾ?

ಅರ್ಜಿ ಹಾಕಿದ ಮೇಲೆ ಟ್ರಸ್ಟಿ, ಅಂದರೆ ನಮ್ಮ ಕೇಸ್ ಪರಿಶೀಲಿಸುವವರ ಜೊತೆ ಮೀಟಿಂಗ್ ಝೂಮ್‌ನಲ್ಲಿತ್ತು. ಪ್ರಮಾಣ ಮಾಡಿಸಿದರು. ಯಜಮಾನರನ್ನು ಕೇಳಿ ಮುಗಿಸಿ, "ಇದರಲ್ಲಿ ನಿಮ್ಮ ಸಾಲ ಯಾವುದು?" ಅಂತ ನನ್ನನ್ನು ಕೇಳಿದರು. ಸಾಲದ ಪಟ್ಟಿ ತಿರುವಿದೆ. ಪ್ರತಿ ಸಾಲದ ಪಕ್ಕ ಯಾರು ಮಾಡಿದ್ದು ಅಂತ ಚಿಕ್ಕ ಚಿಕ್ಕ ಚೌಕಗಳಿವೆ. ಎಲ್ಲದರಲ್ಲೂ 'ಡೆಟರ್ 1 ಮಾತ್ರ' ಅಂತ ಟಿಕ್. ಡೆಟರ್ ಅಂದರೆ ಸಾಲಗಾರ. ಡೆಟರ್ 1 ಯಜಮಾನರು, ಡೆಟರ್ 2 ನಾನು. ನನ್ನ ಹೆಸರಿಗೆ ಒಂದು ಟಿಕ್ಕೂ ಇಲ್ಲ. ಅಂದರೆ ಟಿಕ್ ಹಾಕುವಾಗಲೇ ಅವನಿಗೆ ಗೊತ್ತಿತ್ತು! ಬಾಯಿಂದ ಮಾತೇ ಹೊರಡಲಿಲ್ಲ. ಬೇರೆ ಕೇಸಿನವರೂ ಕೇಳಿಸಿಕೊಳ್ಳುತ್ತಿದ್ದರು, ನಾಚಿಕೆಯಿಂದ ಕುಗ್ಗಿಹೋದೆ. ಮೇಲಿಂದ ಅಮ್ಮ ಮದುವೆಗೆ ಹಾಕಿದ ಬಳೆಗಳಿಗೂ ಬೆಲೆ ಕಟ್ಟಿಸಿ ಕಳಿಸಿ ಅಂದರು. ನಾನು ಅರ್ಜಿಯಲ್ಲಿ ಸೇರಿದ್ದಕ್ಕೇ ನನ್ನ ಸ್ವಂತ ಒಡವೆಯೂ ಲೆಕ್ಕಕ್ಕೆ ಬಂತು.

ಫೋನ್ ಮಾಡಿದರೆ ಅವನು ಏನಂದ ಗೊತ್ತಾ? "ನಾನು ಲಾಯರ್ ಅಲ್ಲ ಮೇಡಂ, ಸಲಹೆ ಕೊಡೋ ಹಾಗೇ ಇಲ್ಲ. ನೀವು ಹೇಳಿದ್ದನ್ನ ಟೈಪ್ ಮಾಡಿದ್ದೀನಿ." ಸೇರಿಯೇ ಹಾಕಬೇಕು ಅಂದಿದ್ದು ಯಾರು ಹಾಗಾದರೆ? "ಅದು ಸುಮ್ನೆ ಮಾತಿಗೆ ಹೇಳಿದ್ದು." ಸುಮ್ನೆ ಮಾತಿಗೆ! ನನ್ನ ಹೆಸರು ತೆಗೆಸಿ ಅಂದರೆ, "ಸಹಿ ನಿಮ್ಮದೇ ಅಲ್ವಾ?" ಅಂತ ಫೋನ್ ಇಟ್ಟುಬಿಟ್ಟ.

ಚಾಪ್ಟರ್ 7 ಹಾಕಿದ ಮೇಲೆ ನಮಗೆ ಬೇಡ ಅನಿಸಿದರೆ ವಾಪಸ್ ತೆಗೆದುಕೊಳ್ಳೋಕೆ ಆಗಲ್ಲ, ಜಡ್ಜ್ ಒಪ್ಪಬೇಕು. ಕ್ರೆಡಿಟ್ ರಿಪೋರ್ಟಿನಲ್ಲಿ 10 ವರ್ಷದವರೆಗೆ ಇರಬಹುದು. ಸಾಲ ಮನ್ನಾ ಆದರೆ, ನಾಳೆ ನನಗೇ ನಿಜವಾದ ಕಷ್ಟ ಬಂದರೂ ಮತ್ತೆ ಚಾಪ್ಟರ್ 7ರಲ್ಲಿ ಮನ್ನಾ ಸಿಗಲು ಈ ಅರ್ಜಿಯಿಂದ 8 ವರ್ಷ ಆಗಬೇಕು. ಮಾಡದ ಸಾಲಕ್ಕೆ ಇಷ್ಟೆಲ್ಲ.

ಸಾಲ ಇಬ್ಬರ ಹೆಸರಲ್ಲೂ ಇದ್ದರೆ ಮಾತು ಬೇರೆ. ಆಗ ಒಬ್ಬರೇ ಹಾಕಿದರೆ ಸಾಲದವರು ಇನ್ನೊಬ್ಬರ ಬೆನ್ನು ಹತ್ತುತ್ತಾರೆ, ಜೊತೆಯಲ್ಲಿ ಹಾಕೋದೇ ಸರಿ ಇರಬಹುದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ಕಡೆ ಗಂಡ ಹೆಂಡತಿಯ ಆಸ್ತಿ-ಸಾಲದ ನಿಯಮವೇ ಬೇರೆ. ಅದಕ್ಕೇ ಲಾಯರನ್ನೇ ಕೇಳಿ. ಮೊದಲು ಇಬ್ಬರ ಕ್ರೆಡಿಟ್ ರಿಪೋರ್ಟ್ ಬೇರೆ ಬೇರೆ ತೆಗೆದು ನೋಡಿ. ಪೇಪರ್ ಮಾಡಿಕೊಡುವವನು ಅದರಲ್ಲಿ ತನ್ನ ಹೆಸರು ಬರೆದು ಸಹಿ ಹಾಕಲೇಬೇಕು. ಕೋರ್ಟ್ ಫೀಸನ್ನು ಅವನು ಕೈಗೆ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮವನು ಸಹಿ ಹಾಕಲಿಲ್ಲ, ಫೀಸ್ ಮಾತ್ರ ಕ್ಯಾಶ್ ಎಣಿಸಿಕೊಂಡ.

ದಿವಾಳಿ ಕೇಸುಗಳ ಮೇಲೆ ಕಣ್ಣಿಡುವ ಸರ್ಕಾರದ ಯು.ಎಸ್. ಟ್ರಸ್ಟಿ ಆಫೀಸಿಗೆ ದೂರು ಕೊಟ್ಟಿದ್ದೇವೆ. ಅವನ ಮೆಸೇಜುಗಳೆಲ್ಲ ನನ್ನ ಹತ್ತಿರ ಇವೆ. ನಿಮಗೂ ಹೀಗೆ ಮಾಡಿದವರಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ನೀವೂ ಕೊಡಿ.