ಪಾಠ ಯೋಜನೆಗೆ ಯಾವುದು: ಅಚ್ಚಿನ ರಿಜಿಸ್ಟರ್, ಎಕ್ಸೆಲ್ ಅಥವಾ ಸಾದಾ ಲಾಂಗ್ ನೋಟ್‌ಬುಕ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 200 ಪುಟದ ಸಾದಾ ಲಾಂಗ್ ನೋಟ್‌ಬುಕ್‌ಗೆ. ದುಡ್ಡು ಕೊಟ್ಟು ತಂದ ರಿಜಿಸ್ಟರ್ ಬೀರು ಸೇರಿದೆ. ನಾನು ಮಲೆನಾಡಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಈ ಹೋಲಿಕೆಯನ್ನು ಅದೇ ಲೆಕ್ಕದಲ್ಲಿ ಓದಿ.

ರಿಜಿಸ್ಟರ್ ನೋಡೋಕೆ ಚಂದ. ದಪ್ಪ ರಟ್ಟು, ಒಳ್ಳೆ ಕಾಗದ, ಬೆಲೆ ಸುಮಾರು 300 ರೂಪಾಯಿ. ಆದರೆ ಪ್ರತಿ ಪುಟದ ಮೇಲೂ ತಾರೀಖು ಅಚ್ಚಾಗಿದೆ. ಜುಲೈ ಬಂತೆಂದರೆ ನಮ್ಮ ಕಡೆ ಮಳೆ ರಜೆ. ಜಿಲ್ಲಾಧಿಕಾರಿಗಳ ಆದೇಶ ಎಷ್ಟೋ ಸಲ ಹಿಂದಿನ ರಾತ್ರಿ ಬರುತ್ತದೆ. ಬುಧವಾರದ ಪಾಠ ಶುಕ್ರವಾರಕ್ಕೆ ಹೋಗುತ್ತದೆ. ಶುಕ್ರವಾರದ ಪುಟದಲ್ಲಿ ಆಗಲೇ ಬೇರೆ ಪಾಠ ಬರೆದಾಗಿದೆ! ಕಾಟು ಹೊಡೆದು, ಬಾಣ ಹಾಕಿ, ಚೀಟಿ ಅಂಟಿಸಿ ಆಗಸ್ಟ್ ಹೊತ್ತಿಗೆ ಪುಸ್ತಕದ ಅವತಾರವೇ ಬೇರೆ.

ಇನ್ನೂ ಒಂದಿದೆ. ಹೋದ ದಿನಗಳನ್ನು ತುಂಬಲು ನಾವು ಶನಿವಾರ ಪೂರ್ತಿ ಶಾಲೆ ನಡೆಸುತ್ತೇವೆ. ಅಚ್ಚು ಹಾಕಿದವರು ಶನಿವಾರಕ್ಕೆ ಅರ್ಧ ಪುಟ ಮಾತ್ರ ಕೊಟ್ಟಿದ್ದಾರೆ. ತಪಾಸಣೆಗೆ ಬಂದವರು ಖಾಲಿ ಪುಟ ಕಂಡು ಹುಬ್ಬೇರಿಸಿದರೆ ರಜೆ ಆದೇಶ ಹುಡುಕಿ ತೋರಿಸುವ ಕೆಲಸ ಬೇರೆ.

ರಿಜಿಸ್ಟರ್‌ನಲ್ಲಿ 5ಇ ಮಾದರಿಗೆ, ಅಂದರೆ ಪಾಠವನ್ನು ಐದು ಹಂತದಲ್ಲಿ (ತೊಡಗಿಸಿಕೊಳ್ಳುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ) ನಡೆಸುವ ಕ್ರಮಕ್ಕೆ, ಒಂದೇ ಅಳತೆಯ ಐದು ಚೌಕ. ಒಂದು ಪೀರಿಯಡ್‌ನಲ್ಲಿ ತೊಡಗಿಸಿಕೊಳ್ಳುವುದರಿಂದ ಮೌಲ್ಯಮಾಪನದವರೆಗೆ ಐದೂ ಮುಗಿಯಬೇಕಂತೆ. ಈ ಮಾದರಿಯನ್ನು 1980ರ ದಶಕದಲ್ಲಿ ರೂಪಿಸಿದ್ದು ವಿಜ್ಞಾನದ ಪಠ್ಯಕ್ರಮ ಸಿದ್ಧಪಡಿಸುವ ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯ ತಂಡ. ಅದರ ಮುಂದಾಳು ರಾಡ್ಜರ್ ಬೈಬಿ ಅವರೇ ಇದು ಎರಡು-ಮೂರು ವಾರದ ಘಟಕಕ್ಕೆ ಸರಿ ಅಂದಿದ್ದಾರೆ. ಪ್ರಯೋಗ ಇರುವ ಪಾಠದಲ್ಲಿ ಅನ್ವೇಷಣೆಗೇ ಒಂದು ಪೀರಿಯಡ್ ಬೇಕು, ಅಲ್ವಾ?

ಎಕ್ಸೆಲ್ ವಾರ್ಷಿಕ ಪಾಠ ಹಂಚಿಕೆಗೆ ಬೆಸ್ಟ್. ರಜೆ ಬಂದರೆ ಸಾಲು ಕೆಳಗೆ ತಳ್ಳಿದರಾಯಿತು. ದಿನದ ಯೋಜನೆಗೆ ಮಾತ್ರ ಬೇಡ. ಮುಖ್ಯ ಶಿಕ್ಷಕರ ಸಹಿಗೆ ಪ್ರಿಂಟ್ ತೆಗೆಸಬೇಕು, ನಮ್ಮೂರಲ್ಲಿ ಅದಕ್ಕೆ ಪೇಟೆಗೇ ಹೋಗಬೇಕು. ಸೀಮೆಸುಣ್ಣದ ಕೈಯಲ್ಲಿ ಫೋನ್ ಉಜ್ಜುವುದೂ ನನಗಾಗದು.

ವಾಟ್ಸಾಪ್‌ನಲ್ಲಿ ಬರುವ ರೆಡಿ ಪಿಡಿಎಫ್? ಸಹಿಗೆ ಸಾಕು, ಪಾಠಕ್ಕೆ ಸಾಲದು.

ನೋಟ್‌ಬುಕ್‌ನಲ್ಲಿ ಬಲಗಡೆ ಪುಟಕ್ಕೆ ಯೋಜನೆ ಬರೆಯುತ್ತೇನೆ, ಎಡಗಡೆ ಖಾಲಿ. ಪಾಠ ಮುಗಿದ ಮೇಲೆ ನಡೆದದ್ದು ಎಡಕ್ಕೆ. ತಾರೀಖು ಆ ದಿನವೇ ಹಾಕುತ್ತೇನೆ. ಆಮ್ಲ, ಪ್ರತ್ಯಾಮ್ಲದ ಪಾಠದ ಎಡಪುಟ ಹೀಗಿದೆ: "ಅರಿಶಿನದ ಕಾಗದ ಮಳೆಗಾಲದಲ್ಲಿ ಒಣಗಲ್ಲ. ಹಿಂದಿನ ದಿನವೇ ಮಾಡಿ ಬಿಸಿಯೂಟದ ಕೋಣೆಯಲ್ಲಿಡು. ಸೋಪಿನ ನೀರಿಗೆ ಕೆಂಪಾಯ್ತು. ನಿಂಬೆರಸ ಬಿಟ್ಟರೆ ವಾಪಸ್ ಹಳದಿ ಆಗುತ್ತಾ ಅಂತ ಮಕ್ಕಳು ಕೇಳಿದರು." ಆಗುತ್ತದೆ. ಆಮ್ಲ, ಪ್ರತ್ಯಾಮ್ಲ ಸೇರಿ ಒಂದರ ಗುಣವನ್ನು ಇನ್ನೊಂದು ಕಳೆಯುವ ತಟಸ್ಥೀಕರಣದ ಪಾಠ ಅಲ್ಲಿಂದಲೇ ಶುರು ಮಾಡಿದೆ. ಅರಿಶಿನದ ಹಾಗೇ ಬಣ್ಣ ಬದಲಿಸುವ ದಾಸವಾಳದ ರಸದ ಪ್ರಯೋಗವನ್ನು ಅದರ ಮುಂದಿನ ಪುಟಕ್ಕೆ ತಳ್ಳಿದೆ. ಯಾವ ಚೌಕವೂ ಅಡ್ಡ ಬರಲಿಲ್ಲ.

ಕೊರತೆಯೂ ಉಂಟು. ಗೆರೆ ಎಳೆಯೋದು, ಪರಿವಿಡಿ ಬರೆಯೋದು ಎಲ್ಲ ನಾವೇ. ಪ್ಲಾಸ್ಟಿಕ್ ಕವರ್ ಹಾಕದಿದ್ದರೆ ಬ್ಯಾಗಿನಲ್ಲೇ ನೆನೆಯುತ್ತದೆ.

ಮಳೆ ರಜೆಯ ಕಾಟ ಇಲ್ಲದ ಊರಿನವರು, ಬರವಣಿಗೆ ಕಡಿಮೆ ಬೇಕು ಅನ್ನುವವರು ರಿಜಿಸ್ಟರ್ ತಗೊಳ್ಳಿ, ಆದರೆ ತಾರೀಖು ಅಚ್ಚಾಗದ್ದು ಕೇಳಿ. ನಾನಂತೂ ಆ ದುಡ್ಡಿನಲ್ಲಿ ಎರಡೂ ತರಗತಿಗೆ ಒಂದೊಂದು ನೋಟ್‌ಬುಕ್ ತಂದು, ಉಳಿದದ್ದಕ್ಕೆ ಲಿಟ್ಮಸ್ ಕಾಗದ ತರುತ್ತೇನೆ.