ಚೀಟಿಯಲ್ಲಿ ಹೆಸರಿಲ್ಲದ ಸಾಲುಗಳು: ಗೇಮಿಂಗ್ ಪಿಸಿ ಕಟ್ಟಿಸಲು ಹೊರಟವರು ಓದಿ

ನನ್ನ ಹತ್ತಿರ ಒಂದು ಚೀಟಿ ಇದೆ. ಸಣ್ಣ ಪ್ಯಾಡಿನಿಂದ ಹರಿದ ಹಾಳೆ. ಅಂಗಡಿಯ ಹೆಸರಿಲ್ಲ, ಫೋನ್ ನಂಬರಿಲ್ಲ, ಮೇಲೆ 'ಎಸ್ಟಿಮೇಟ್' ಅಂತ ಮಾತ್ರ ಅಚ್ಚಾಗಿದೆ. ನೀಲಿ ಬಾಲ್‌ಪೆನ್ನಿನಲ್ಲಿ ಏಳು ಸಾಲು, ಕೆಳಗೆ ಎರಡು ಗೆರೆ ಎಳೆದು 76,000. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕಂಪ್ಯೂಟರ್ ಭಾಗಗಳ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಅಕ್ಕನ ಮಗನಿಗೆ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಿದ್ದಕ್ಕೆ ನನ್ನ ಬಳಿ ಉಳಿದಿರುವ ದಾಖಲೆ ಇದೊಂದೇ.

ಹುಡುಗ ಆಗಷ್ಟೇ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೇರಿದ್ದ. ನನ್ನ ಒಲವು ಸೋನಿಯ ಪಿಎಸ್5 ಕಡೆಗಿತ್ತು, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಡಬ್ಬಿ, ಕನ್ಸೋಲ್. 9999 ಆಟಗಳ ಕ್ಯಾಸೆಟ್ಟನ್ನು ಊದಿ ಊದಿ ಟಿವಿ ಗೇಮಿಗೆ ಸಿಕ್ಕಿಸಿ ಬೆಳೆದ ತಲೆಮಾರು ನಮ್ಮದು. ಟಿವಿಗೆ ವೈರ್ ಚುಚ್ಚಬೇಕು, ಆಡಬೇಕು, ಅಷ್ಟೇ ಗೊತ್ತು. ಆದರೆ 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಪಿಎಸ್5 ಬಹಳ ಕಾಲ ಸ್ಟಾಕ್ ಬಂದ ಗಳಿಗೆಯಲ್ಲೇ ಖಾಲಿಯಾಗುತ್ತಿತ್ತು. ಡಿಸ್ಕ್ ಹಾಕುವ ಮಾದರಿಯ ಬೆಲೆ 49,990ರಿಂದ 54,990ಕ್ಕೆ ಏರಿದ್ದೂ ಅದೇ ನವೆಂಬರ್‌ನಲ್ಲಿ. ಅದಕ್ಕಿಂತ ಮುಖ್ಯವಾಗಿ, ಹುಡುಗನ ಗೆಳೆಯರೆಲ್ಲ ಆಡುತ್ತಿದ್ದ ವ್ಯಾಲರಂಟ್ ಆಗ ಕನ್ಸೋಲಿನಲ್ಲಿ ಇರಲೇ ಇಲ್ಲ. ಅದು ಅಲ್ಲಿಗೆ ಬಂದದ್ದು 2024ರಲ್ಲಿ. ಜೊತೆಗೆ ಎಲ್ಲ ಮನೆಗಳಲ್ಲೂ ಗೆಲ್ಲುವ ಆ ವಾದ: 'ಮಾಮಾ, ಪಿಸಿ ಆದ್ರೆ ಓದೋಕೂ ಆಗುತ್ತೆ.' ಅಕ್ಕ ಅಲ್ಲಿಗೆ ಸೋತಳು. ನಾನೂ ಸೋತೆ.

ಅಂಗಡಿಯವನು ಒಳ್ಳೆ ಮಾತುಗಾರ, ಕನ್ನಡವೂ ಚೆನ್ನಾಗಿತ್ತು. ಬಜೆಟ್ ಕೇಳಿದ, ಯಾವ ಗೇಮ್ ಅಂತ ಕೇಳಿದ, ಎರಡು ನಿಮಿಷದಲ್ಲಿ ಚೀಟಿ ಬರೆದ. ಐ5 12400ಎಫ್ ಪ್ರೊಸೆಸರ್, 15,500. ಎಚ್610 ಬೋರ್ಡ್, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮದರ್‌ಬೋರ್ಡ್, 7,500. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 12 ಜಿಬಿ, 29,000. ಆಮೇಲಿನ ಸಾಲುಗಳು ಹೀಗಿವೆ: 'ರ‍್ಯಾಮ್ 16 ಜಿಬಿ' 4,200. 'ಎಸ್‌ಎಸ್‌ಡಿ 500' 3,300. 'ಕ್ಯಾಬಿನೆಟ್ + 600 ವ್ಯಾಟ್ ಎಸ್‌ಎಂಪಿಎಸ್' 4,000; ಎಸ್‌ಎಂಪಿಎಸ್ ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ. 'ಮಾನಿಟರ್' 12,500.

ಮೇಲಿನ ಮೂರು ಸಾಲಿಗೆ ಮಾಡೆಲ್ ಹೆಸರಿದೆ, ಕೆಳಗಿನ ನಾಲ್ಕಕ್ಕೆ ಇಲ್ಲ. ನಾನು ಮೂರು ವಾರ ಯೂಟ್ಯೂಬ್ ನೋಡಿ ಹೋದವನು. ಆದರೆ ನೋಡಿದ್ದೆಲ್ಲ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ. ಆ ಎರಡು ಸಾಲಿನಲ್ಲಿ ಬೇಕಾದ ಹೆಸರು ಕಂಡ ಕೂಡಲೇ ಸಮಾಧಾನವಾಯಿತು. ಎಲ್ಲರೂ ಆ ಎರಡು ಸಾಲನ್ನೇ ನಾಲ್ಕು ಅಂಗಡಿಯಲ್ಲಿ ಹೋಲಿಸಿ ನೋಡುವುದರಿಂದ ಅಲ್ಲಿ ಲಾಭ ಹುಟ್ಟುವುದಿಲ್ಲ, ಅದು ಹುಟ್ಟುವುದು ಹೆಸರಿಲ್ಲದ ಸಾಲುಗಳಲ್ಲಿ ಅಂತ ಆಗ ನನಗೆ ಹೊಳೆಯಲಿಲ್ಲ.

ಕೊನೆಗೆ ಆತ ಸಹಜವಾಗಿ ಕೇಳಿದ, 'ಬಿಲ್ ಬೇಕಾ ಸಾರ್? ಬಿಲ್ ಆದ್ರೆ 18 ಪರ್ಸೆಂಟ್ ಜಿಎಸ್‌ಟಿ ಎಕ್ಸ್‌ಟ್ರಾ.' ಫೋನಿನಲ್ಲಿ ಗುಣಿಸಿದೆ: 13,680 ರೂಪಾಯಿ. ಬೇಡ ಅಂದೆ. ಯಾರೂ ನನ್ನ ಕೈ ಹಿಡಿದು ಬೇಡ ಅನ್ನಿಸಲಿಲ್ಲ. ಉಳಿಯಿತಲ್ಲ ಅಂತ ಒಳಗೊಳಗೇ ಖುಷಿಪಟ್ಟೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಅಂಗಡಿಯ ಹೆಸರಿನ ಬದಲು ಯಾರದೋ ಒಬ್ಬರ ಸ್ವಂತ ಹೆಸರು ಬಂತು. ಅದನ್ನೂ ನೋಡಿದೆ, ಸುಮ್ಮನಾದೆ.

ಶಿವಮೊಗ್ಗದಲ್ಲಿ ಮೊದಲ ವಾರ ಹಬ್ಬ. ವ್ಯಾಲರಂಟ್ ಬೆಣ್ಣೆಯಂತೆ ಓಡಿತು. ಕಾಡತೊಡಗಿದ್ದು ಹುಡುಗ ಸೈಬರ್‌ಪಂಕ್ 2077 ಅನ್ನುವ ಭಾರದ ಆಟ ಹಾಕಿದ ಮೇಲೆ. ಹತ್ತು ಹದಿನೈದು ನಿಮಿಷ ಆಡುವಷ್ಟರಲ್ಲಿ ಟಪ್ ಅಂತ ಎಲ್ಲ ಆಫ್. ಎರರ್ ಇಲ್ಲ, ನೀಲಿ ಪರದೆ ಇಲ್ಲ, ಕರೆಂಟ್ ಹೋದ ಹಾಗೆ. ಮತ್ತೆ ವ್ಯಾಲರಂಟ್ ಹಾಕಿದರೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಈ ವ್ಯತ್ಯಾಸದಲ್ಲೇ ಉತ್ತರ ಇತ್ತು. ಹಗುರ ಆಟದಲ್ಲಿ ಕಾರ್ಡು ಅರ್ಧ ನಿದ್ದೆಯಲ್ಲಿರುತ್ತದೆ, ಭಾರದ ಆಟದಲ್ಲಿ ಪೂರ್ತಿ ವಿದ್ಯುತ್ ಎಳೆಯುತ್ತದೆ. ನಾವು ಮಾತ್ರ ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆವು. ಹುಡುಗನ ಸ್ನೇಹಿತನೊಬ್ಬ ಬಂದು, ಪ್ರೊಸೆಸರಿನ ಬಿಸಿ ಹೊರಹಾಕಲು ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದ.

ಅಂಗಡಿಗೆ ಫೋನ್ ಮಾಡಿದರೆ, 'ನಿಮ್ ಊರಲ್ಲಿ ವೋಲ್ಟೇಜ್ ಪ್ರಾಬ್ಲಂ ಸಾರ್, ಯುಪಿಎಸ್ ಹಾಕ್ಸಿ.' 3,200 ಕೊಟ್ಟು 600 ವಿಎ ಯುಪಿಎಸ್ ತಂದೆವು. ಈಗ ಆಟ ಭಾರವಾದ ಕೂಡಲೇ ಯುಪಿಎಸ್ ಕಿರುಚತೊಡಗಿತು. 600 ವಿಎ ಅಂದರೆ 600 ವ್ಯಾಟ್ ಅಲ್ಲ; ಆ ಬಗೆಯ ಸಾಮಾನ್ಯ ಯುಪಿಎಸ್‌ಗಳು ತಡೆಯುವುದು 360 ವ್ಯಾಟ್ ಮಾತ್ರ. ದೊಡ್ಡಕ್ಷರದಲ್ಲಿರುವ ಅಂಕಿಯೇ ಬೇರೆ, ಉಪಯೋಗಕ್ಕೆ ಬರುವ ಅಂಕಿಯೇ ಬೇರೆ ಅನ್ನುವ ಪಾಠ ಅಲ್ಲಿಂದ ಶುರುವಾಯಿತು.

ಜನವರಿಯ ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. ರೂಮಿನಲ್ಲಿ ಸುಟ್ಟ ವಾಸನೆ, ಕಂಪ್ಯೂಟರ್ ಪೂರ್ತಿ ಸತ್ತಿದೆ. ಮರುದಿನ ದುರ್ಗಿಗುಡಿಯ ಒಬ್ಬ ಹಳೇ ಟಿವಿ ರಿಪೇರಿಯವರ ಬಳಿ ಹೊತ್ತೊಯ್ದರು. ಆತ ಎಸ್‌ಎಂಪಿಎಸ್ ಬಿಚ್ಚಿ ಕೈಯಲ್ಲಿ ಹಿಡಿದು ತೂಗಿದರಂತೆ, ತರಕಾರಿ ತೂಗುವ ಹಾಗೆ. 'ಇದ್ರಲ್ಲಿ ಏನೈತಮ್ಮ? ಖಾಲಿ ಡಬ್ಬಿ.' ಆಮೇಲೆ ಅದರ ಮೈಮೇಲಿನ ಪಟ್ಟಿಯ ಫೋಟೋ ನನಗೆ ಕಳಿಸಿದರು.

ಎಸ್‌ಎಂಪಿಎಸ್ ಮೇಲಿನ ಆ ಕೋಷ್ಟಕವನ್ನು ಓದುವುದು ಎಷ್ಟು ಸುಲಭ ಅಂದರೆ, ಕೊಳ್ಳುವ ಮೊದಲು ಓದಲಿಲ್ಲವಲ್ಲ ಅಂತ ಇವತ್ತಿಗೂ ನಾಚಿಕೆ. ಹೊರಗೆ ದಪ್ಪಕ್ಷರದಲ್ಲಿ 600 ವ್ಯಾಟ್. ಒಳಗೆ 3.3, 5, 12 ವೋಲ್ಟ್ ಅಂತ ಬೇರೆಬೇರೆ ಸಾಲು, ಪ್ರತಿಯೊಂದಕ್ಕೂ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು 12 ವೋಲ್ಟಿನ ಸಾಲನ್ನೇ. ನಮ್ಮದರಲ್ಲಿ ಅಲ್ಲಿ 18 ಆಂಪಿಯರ್ ಇತ್ತು. 12 ಗುಣಿಸು 18, 216 ವ್ಯಾಟ್. ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ಕೇಳುತ್ತದೆ. 12400ಎಫ್ ಸಾಮಾನ್ಯಕ್ಕೆ 65, ಜೋರಾಗಿ ಓಡಿದರೆ 117ರ ತನಕ ಹೋಗಬಲ್ಲದು. ಅಂದರೆ ಆ ಡಬ್ಬಿ ತನ್ನ ಮೈಮೇಲೆ ತಾನೇ ಬರೆದುಕೊಂಡ ಲೆಕ್ಕದಲ್ಲೂ ಈ ಕೆಲಸಕ್ಕೆ ಸಾಲದು. ಒಳ್ಳೆಯ 550 ವ್ಯಾಟಿನ ಘಟಕದಲ್ಲಿ 12 ವೋಲ್ಟಿನ ಸಾಲೊಂದೇ ಹೆಚ್ಚುಕಡಿಮೆ ಪೂರ್ತಿ ಸಾಮರ್ಥ್ಯ ಕೊಡುತ್ತದೆ. ಅದು ಕೈಗೆ ಭಾರವೂ ಇರುತ್ತದೆ.

ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಿತ್ತು. ಕಾರ್ಡು ಬದುಕಿದೆಯೋ ಇಲ್ಲವೋ ಗೊತ್ತಾಗಲು ಹೊಸ ಬೋರ್ಡ್ ಬರಬೇಕಾಯಿತು. ಬಂದ ಮೇಲೂ ಕಾರ್ಡ್ ತೆಗೆದು ಪರೀಕ್ಷಿಸೋಣ ಅಂದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ. 12400ಎಫ್‌ನ ಬಾಲದಲ್ಲಿರುವ 'ಎಫ್' ಅಕ್ಷರದ ಅರ್ಥವೇ ಅದು: ಪ್ರೊಸೆಸರಿನೊಳಗೆ ಸ್ವಂತ ಗ್ರಾಫಿಕ್ಸ್ ಇಲ್ಲ. ಕಾರ್ಡ್ ರಿಪೇರಿಗೆ ಹೋದಷ್ಟು ದಿನ 'ಓದೋಕೂ ಆಗುವ' ಕಂಪ್ಯೂಟರ್ ಓದಲಿಕ್ಕೂ ಆಗುವುದಿಲ್ಲ. ಹುಡುಗ ಸೆಮಿಸ್ಟರಿನ ರಿಪೋರ್ಟನ್ನು ಸೈಬರಿನಲ್ಲಿ ಕೂತು ಟೈಪ್ ಮಾಡಿದ. ಕೊಂಚ ಹೆಚ್ಚು ಕೊಟ್ಟು ಎಫ್ ಇಲ್ಲದ 12400 ತೆಗೆದುಕೊಂಡಿದ್ದರೆ ಅಷ್ಟಾದರೂ ತಪ್ಪುತ್ತಿತ್ತು.

ಆ ಕಾರ್ಡಿನ ಕಥೆ ಬೇರೆಯೇ. ಪುಣ್ಯಕ್ಕೆ ಸಾಯಲಿಲ್ಲ, ಆದರೆ ಒಂದು ಫ್ಯಾನು ಗರಗರ ಅನ್ನುತ್ತಿತ್ತು. ಎರಡು ತಿಂಗಳ ಹಿಂದೆ ಕೊಂಡ ಹೊಸ ಕಾರ್ಡಲ್ಲವೇ ಅಂತ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಹುಡುಗಿ ಸೀರಿಯಲ್ ನಂಬರ್ ಹೊಡೆದು ನೋಡಿ, ಇದು 2021ರ ಮಾಲು, ಇನ್‌ವಾಯ್ಸ್ ಕೊಡಿ ಅಂದಳು. ನಾನು ಚೀಟಿ ತೋರಿಸಿದೆ. ಅವಳು ನಗಲಿಲ್ಲ, ಅದೊಂದು ದೊಡ್ಡತನ.

ಆ ಹೊತ್ತಿನ ಮಾರುಕಟ್ಟೆ ಹೇಗಿತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಅನ್ನುವ ಕ್ರಿಪ್ಟೋ ಹಣ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಲೆಕ್ಕ ಮಾಡಿಸಿ ಅದನ್ನು ಗಳಿಸುವುದು, ಅಂದರೆ ಮೈನಿಂಗ್, ರಾತ್ರೋರಾತ್ರಿ ನಿಂತುಹೋಯಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಜಗತ್ತಿನೆಲ್ಲೆಡೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ನಾನು ಕೊಂಡದ್ದು ಅದಾಗಿ ಎರಡು ತಿಂಗಳಿಗೆ. ನಮ್ಮದು ಅಂಥದ್ದೇ ಅಂತ ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಮೈನಿಂಗ್ ಮಾಡಿದ ಕಾರ್ಡೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಚಿಪ್ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಸವೆಯುವುದು ಫ್ಯಾನು ಮತ್ತು ಥರ್ಮಲ್ ಪ್ಯಾಡು. ಹಳೆಯದು ಅಂತ ಹೇಳಿ, ಹಳೆಯದರ ಬೆಲೆಗೆ ಕೊಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲ. ಅಂಗಡಿಯವನು ಡಬ್ಬಿಯ ಸೀಲ್ ಒಡೆದಿದ್ದಕ್ಕೆ 'ಡಿಸ್‌ಪ್ಲೇ ಪೀಸ್ ಸಾರ್' ಅಂದಿದ್ದ. ನಾನು ನಂಬಿದ್ದೆ.

ಉಳಿದ ಹೆಸರಿಲ್ಲದ ಸಾಲುಗಳನ್ನೂ ಆಗ ಬಿಚ್ಚಿ ನೋಡಿದೆ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ. 8ರ ಎರಡು ಹಾಕಿದ್ದರೆ ಎರಡು ಚಾನೆಲ್‌ನಲ್ಲಿ, ಇನ್ನಷ್ಟು ವೇಗವಾಗಿ ಓಡುತ್ತಿತ್ತು. ಎಸ್‌ಎಸ್‌ಡಿ ನಾನಂದುಕೊಂಡ ವೇಗದ ಬಗೆಯ ಎನ್‌ವಿಎಂಇ ಅಲ್ಲ, ಕೇಳರಿಯದ ಹೆಸರಿನ, ಹಳೇ ನಿಧಾನದ ಬಗೆಯ ಸಾಟಾ. ಸಾಟಾ ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ವಿಂಡೋಸ್ ಕದ್ದದ್ದು, ಅದನ್ನು ನಡೆಸಲು ಆಂಟಿವೈರಸ್ ಆಫ್ ಮಾಡಿಟ್ಟಿದ್ದರು. ಮಾನಿಟರ್ ಮಾತ್ರ, ನ್ಯಾಯವಾಗಿ ಹೇಳಬೇಕಂದರೆ, ಚೆನ್ನಾಗಿದೆ.

ಅಂಗಡಿಗೆ ಚೀಟಿ ಹಿಡಿದು ಹೋದೆ. ಇದು ನಮ್ಮದಲ್ಲ ಅಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ, ದೂರು ಕೊಡಲು 1915 ಅಂತ ಸಹಾಯವಾಣಿಯೂ ಇದೆ. ಆದರೆ 'ಬೇಡ' ಅಂದವನು ನಾನೇ. ದುಡ್ಡು ಹೋದದ್ದು ಯಾರದೋ ಸ್ವಂತ ಖಾತೆಗೆ. ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ. ಏನಂತ ದೂರು ಕೊಡಲಿ?

ಇಷ್ಟು ಓದಿ, ಹಾಗಾದರೆ ಕನ್ಸೋಲೇ ಸರಿ ಅನ್ನುವವರಿಗೆ ಒಂದು ಮಾತು. ಪಿಎಸ್5ರ ಹೊಸ ಆಟವೊಂದಕ್ಕೆ ಆಗ 4,999 ಕೊಡುವಾಗ ಕೈ ನಡುಗುತ್ತಿತ್ತು, ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್ ಆಡಲು ಮತ್ತೆ ಚಂದಾ. ಆಗಿನ ಮಾದರಿಯಲ್ಲಿ ಆಟ ತುಂಬಿಡಲು 825 ಜಿಬಿ ಜಾಗ ಅಂತ ಕೊಟ್ಟರೂ ಬಳಕೆಗೆ ಸಿಗುತ್ತಿದ್ದದ್ದು 667. ಪಿಸಿಯಲ್ಲಿ ಆಟಗಳು ಅಗ್ಗ, ಭಾಗಗಳನ್ನು ಒಂದೊಂದಾಗಿ ಬದಲಿಸಬಹುದು. ಆದರೆ ಕನ್ಸೋಲ್ ಕೆಟ್ಟರೆ ಒಂದು ಡಬ್ಬಿ, ಒಂದು ಬಿಲ್ಲು, ಒಬ್ಬ ಉತ್ತರದಾಯಿ. ಕಟ್ಟಿಸಿದ ಪಿಸಿಯಲ್ಲಿ ಏಳು ಸಾಲಿಗೆ ಏಳು ಕಂಪನಿ, ಏಳು ವಾರಂಟಿ. ಅವನ್ನೆಲ್ಲ ಹಿಡಿದಿಡುವ ದಾರ ಬಿಲ್ಲೊಂದೇ. 'ಪಿಎಸ್5 ಬೆಲೆಗೆ ಪಿಸಿ' ಅಂತ ಯಾರಾದರೂ ಪ್ಯಾಕೇಜ್ ತೋರಿಸಿದರೆ ಆ ಬೆಲೆ ಹೊಂದಿಸಲು ಎಲ್ಲಿ ಕತ್ತರಿಸಿದ್ದಾರೆ ಅಂತ ಹುಡುಕಿ. ಪ್ರೊಸೆಸರಿನಲ್ಲಿ ಕತ್ತರಿಸಿರುವುದಿಲ್ಲ.

ಕಟ್ಟಿಸುವುದೇ ಆದರೆ ಪ್ರತಿ ಸಾಲಿಗೂ ಕಂಪನಿ ಮತ್ತು ಮಾಡೆಲ್ ಬರೆಸಿ. 'ಅದೆಲ್ಲ ಒಳ್ಳೇದೇ ಹಾಕ್ತೀವಿ' ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ. ಅದೇ ರಸ್ತೆಯಲ್ಲಿ ಸರಿಯಾದ ಬಿಲ್ಲು ಕೊಟ್ಟು ನಿಯತ್ತಿನಿಂದ ವ್ಯಾಪಾರ ಮಾಡುವವರೂ ಇದ್ದಾರೆ, ಈ ಸಲ ಎಸ್‌ಎಂಪಿಎಸ್ ಕೊಂಡದ್ದು ಅಂಥವರಲ್ಲೇ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ಡಬ್ಬಿಗಳನ್ನು ನಿಮ್ಮೆದುರೇ ಒಡೆಸಿ. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಹಳೇ ಚಿಪ್ಪಿಗೆ ಹೊಸ ಹೆಸರಿನ ಬಯೋಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತುಂಬಿದ ಎಷ್ಟೋ ನಕಲಿ ಕಾರ್ಡುಗಳನ್ನು ಅದು ಹಿಡಿಯುತ್ತದೆ. ಅಂಗಡಿಯಲ್ಲೇ ಅರ್ಧ ಗಂಟೆ ಭಾರದ ಪರೀಕ್ಷೆ ಓಡಿಸಿ, ಅವರು ಗೊಣಗಿದರೂ ಸರಿ. ನಮ್ಮ ಯಂತ್ರ ಹದಿನೈದನೇ ನಿಮಿಷಕ್ಕೆ ಅಲ್ಲೇ ಬೀಳುತ್ತಿತ್ತು.

ಕೊನೆಯ ಲೆಕ್ಕ: ಯುಪಿಎಸ್ 3,200, ರಿಪೇರಿಯವರಿಗೆ 800, ಬಿಲ್ಲಿನ ಸಮೇತ ಒಳ್ಳೆಯ ಎಸ್‌ಎಂಪಿಎಸ್ 4,400, ಹೊಸ ಬೋರ್ಡ್ 7,600. ಮೊದಲಿನ 76,000ಕ್ಕೆ ಕೂಡಿಸಿದರೆ 92,000. ಅವತ್ತೇ ಬಿಲ್ ಹಾಕಿಸಿದ್ದರೆ 89,680 ಆಗುತ್ತಿತ್ತು.

ಕಂಪ್ಯೂಟರ್ ಈಗ ಓಡುತ್ತಿದೆ. ಫ್ಯಾನಿನ ಗರಗರ ನಿಂತಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ರೂಮಿನಿಂದ ಆ ಸದ್ದು ಕೇಳಿದರೆ ಅವಳು ಕಾಫಿ ಲೋಟ ಕೊಡುತ್ತಾ, 'ನೋಡು, ನಿನ್ ಹದಿಮೂರು ಸಾವಿರ ಮಾತಾಡ್ತಿದೆ' ಅನ್ನುತ್ತಾಳೆ.