ಪವರ್‌ಲೈನ್ ಅಡಾಪ್ಟರ್‌ನಲ್ಲೇ ವಿಲ್ಯಾನ್ ಮಾಡಿಕೊಡ್ತೀವಿ ಅಂದರೆ ಒಪ್ಪಬೇಡಿ

ಹೋಂಸ್ಟೇ, ಕ್ಲಿನಿಕ್, ಬಾಡಿಗೆಗೆ ಕೊಟ್ಟ ಹಳೆ ದೊಡ್ಡ ಮನೆ, ಇಂಥ ಕಡೆ ನೆಟ್‌ವರ್ಕ್ ಹಾಕಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೇಬಲ್ ಎಳೆಯೋದು ಬೇಡ, ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಹಾಕೋಣ, ಅತಿಥಿಗಳ ನೆಟ್‌ವರ್ಕು, ಕ್ಯಾಮೆರಾ ನೆಟ್‌ವರ್ಕು ಬೇರೆ ಮಾಡೋದನ್ನೂ (ಇದಕ್ಕೇ ವಿಲ್ಯಾನ್ ಅನ್ನೋದು) ಅಡಾಪ್ಟರ್ ಒಳಗೇ ಕಮಾಂಡ್ ಲೈನಿಂದ ಮಾಡಿಕೊಡ್ತೀವಿ, ನೆಟ್‌ವರ್ಕುಗಳನ್ನು ಬೇರ್ಪಡಿಸುವ ಮ್ಯಾನೇಜ್ಡ್ ಸ್ವಿಚ್ಚಿನ ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ಭಾವನ ಹೋಂಸ್ಟೇಗೆ ಬಂದ ಇನ್‌ಸ್ಟಾಲರ್ ಹೀಗೇ ಹೇಳಿ ಮಾಡಿಟ್ಟು ಹೋದರು. ಕೊನೆಗೆ ಅತಿಥಿಗಳ ಕೋಣೆಯ ವೈರಿನಲ್ಲೇ ಕ್ಯಾಮೆರಾ ರೆಕಾರ್ಡರಿನ ಲಾಗಿನ್ ಪುಟ ತೆರೆಯುತ್ತಿತ್ತು. ಎಷ್ಟು ಕಾಲದಿಂದ ಹಾಗಿತ್ತೋ ಮನೆಯವರಿಗೆ ಸುಳಿವೇ ಇರಲಿಲ್ಲ.

ಜಾಗ ಮೂಡಿಗೆರೆ ಕಡೆಯ ಕಾಫಿ ತೋಟ. ದೊಡ್ಡಮನೆಯಲ್ಲಿ ರೂಟರ್, ಕೆಳಗೆ ಇಳಿಜಾರಿನಲ್ಲಿ ಮೂರು ಕಾಟೇಜು, ಗೇಟಿನ ಹತ್ತಿರ ಕ್ಯಾಮೆರಾ. ಮನೆಯ ಗೋಡೆ ದಪ್ಪ, ವೈಫೈ ದಾಟುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ ಸಿಡಿಲಿಗೆ ಪೋರ್ಟ್ ಸುಟ್ಟುಹೋಗುತ್ತದೆ ಎಂಬ ಭಯ ಆ ಸೀಮೆಯಲ್ಲಿ ಎಲ್ಲರಿಗೂ ಇದೆ, ನಿಜವಾದ ಭಯವೇ. ಹಾಗಾಗಿ ಪವರ್‌ಲೈನ್ ಅಂದಾಗ ಭಾವ ಒಪ್ಪಿಕೊಂಡರು. ಯೋಜನೆಯೂ ಕಾಗದದ ಮೇಲೆ ಚೆನ್ನಾಗೇ ಇತ್ತು: ಬಿಲ್ಲಿಂಗ್ ಮತ್ತು ಮನೆಯ ಕಂಪ್ಯೂಟರುಗಳಿಗೆ ವಿಲ್ಯಾನ್ 10, ಕ್ಯಾಮೆರಾಗಳಿಗೆ 20, ಅತಿಥಿಗಳ ವೈಫೈಗೆ 30. ರೂಟರ್ ಮೂರನ್ನೂ ಟ್ಯಾಗ್ ಹಾಕಿ ಒಂದೇ ಪೋರ್ಟಿನಿಂದ ಅಡಾಪ್ಟರ್‌ಗೆ ಕೊಡುತ್ತದೆ. ಕಾಟೇಜಿನ ಅಡಾಪ್ಟರ್ 30 ಮಾತ್ರ ಹೊರಗೆ ಬಿಡಬೇಕು, ಗೇಟಿನದ್ದು 20 ಮಾತ್ರ.

ಇಲ್ಲಿ ಸ್ವಲ್ಪ ಒಳಗೆ ಇಳಿಯಬೇಕು. ವಿಲ್ಯಾನ್ ಅಂದರೆ ಪ್ರತಿ ಈಥರ್ನೆಟ್ ಫ್ರೇಮಿಗೆ (ವೈರಿನಲ್ಲಿ ಹೋಗುವ ಮಾಹಿತಿಯ ತುಣುಕಿಗೆ) ಸೇರಿಸುವ 4 ಬೈಟಿನ ಟ್ಯಾಗು. ಅದರಲ್ಲಿ ವಿಲ್ಯಾನ್ ಸಂಖ್ಯೆಗೆ 12 ಬಿಟ್, ಬಳಸಲು ಸಿಗುವುದು 1ರಿಂದ 4094. ಸ್ವಿಚ್ಚು ಈ ಟ್ಯಾಗ್ ನೋಡಿ ಪೋರ್ಟುಗಳನ್ನು ಬೇರ್ಪಡಿಸುತ್ತದೆ. ಪವರ್‌ಲೈನ್ ಅಡಾಪ್ಟರ್ ಸ್ವಿಚ್ ಅಲ್ಲ, ಅದೊಂದು ಬ್ರಿಡ್ಜ್, ಒಂದು ಕಡೆ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವ ಸೇತುವೆ. ಒಂದೇ ನೆಟ್‌ವರ್ಕ್ ಕೀ (ಪಾಸ್‌ವರ್ಡಿನಿಂದ ಬರುವ ಗುಪ್ತ ಸಂಕೇತ) ಇರುವ ಅಡಾಪ್ಟರುಗಳೆಲ್ಲ ಒಂದೇ ತಂತಿಯನ್ನು ಹಂಚಿಕೊಂಡಿರುತ್ತವೆ, ಸಾಮಾನ್ಯವಾಗಿ ಬಂದ ಟ್ಯಾಗನ್ನು ಇದ್ದಂತೆಯೇ ದಾಟಿಸುತ್ತವೆ. ಕ್ವಾಲ್ಕಾಮ್ ಚಿಪ್ ಇರುವ ಅಡಾಪ್ಟರುಗಳಿಗೆ ಓಪನ್ ಪಿಎಲ್‌ಸಿ ಯುಟಿಲ್ಸ್ ಎಂಬ ಮುಕ್ತ ತಂತ್ರಾಂಶ ಇದೆ. ಲಿನಕ್ಸ್ ಟರ್ಮಿನಲ್‌ನಿಂದ ಓಡಿಸುವ ಸಣ್ಣ ಸಣ್ಣ ಟೂಲ್‌ಗಳ ಕಟ್ಟು ಅದು. ಪಿಎಲ್‌ಸಿಟೂಲ್ ಅಡಾಪ್ಟರಿನ ಸಂರಚನೆಯನ್ನು ಓದುತ್ತದೆ, ಬರೆಯುತ್ತದೆ. ಮಾಡ್‌ಪಿಐಬಿ ಆ ಸಂರಚನೆಯ ಕಡತವನ್ನು (ಅದಕ್ಕೆ ಪಿಐಬಿ ಅನ್ನುತ್ತಾರೆ) ತಿದ್ದುತ್ತದೆ. ಪಿಎಲ್‌ಸಿಎಫ್‌ಡಬ್ಲ್ಯೂಡಿ ಎಂಬುದು ವಿಲ್ಯಾನ್ ಫಾರ್ವರ್ಡಿಂಗ್ ಪಟ್ಟಿಗೆ, ಅಂದರೆ ಯಾವ ಟ್ಯಾಗನ್ನು ದಾಟಿಸಬೇಕು ಎಂಬ ಪಟ್ಟಿಗೆ. ಟೂಲ್‌ಗಳು ಒಳ್ಳೆಯವೇ. ಆದರೆ ಅವು ಇರುವುದು ಎಂಜಿನಿಯರುಗಳು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಲಿಕ್ಕೆ. ಗಿರಾಕಿಯ ಮನೆಯಲ್ಲಿ ರಕ್ಷಣೆಯ ಗೋಡೆ ಕಟ್ಟಿ ಬೀಗ ಕೊಟ್ಟು ಹೋಗಲಿಕ್ಕಲ್ಲ.

ಇನ್‌ಸ್ಟಾಲರ್ ಲ್ಯಾಪ್‌ಟಾಪ್ ತಂದು, ಪ್ರತಿ ಅಡಾಪ್ಟರಿಗೂ ಈ ಫಾರ್ವರ್ಡಿಂಗ್ ಪಟ್ಟಿ ಹಾಕಿ, ಭಾವನಿಗೆ ತೋರಿಸಿಯೇ ಹೋದರಂತೆ. ಆ ಕ್ಷಣಕ್ಕೆ ಸರಿಯಾಗಿಯೇ ಇದ್ದಿರಬೇಕು. ಆಮೇಲೆ ಕರೆಂಟ್ ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗದ ದಿನ ಯಾವುದು? ಆ ಅಡಾಪ್ಟರುಗಳಲ್ಲಿ ಪಟ್ಟಿ ಬರೀ ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ ಕೂತಿತ್ತು, ಫ್ಲ್ಯಾಶ್‌ಗೆ ಶಾಶ್ವತವಾಗಿ ಬರೆಸಿರಲಿಲ್ಲ. ಕರೆಂಟ್ ಬಂದಾಗ ಅಡಾಪ್ಟರುಗಳು ಮೊದಲಿನಂತೆ ಎಲ್ಲ ಟ್ಯಾಗುಗಳನ್ನೂ ಬಿಡಲು ಶುರು ಮಾಡಿದವು. ಅತಿಥಿಗಳ ವೈಫೈ ಎಂದಿನಂತೆ ಓಡುತ್ತಿತ್ತು, ಕ್ಯಾಮೆರಾ ಓಡುತ್ತಿತ್ತು, ಯಾವ ದೀಪವೂ ಕೆಂಪಾಗಲಿಲ್ಲ. ಇದೇ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ಸಂಗತಿ. ಫಿಲ್ಟರ್ ಬಿದ್ದುಹೋದರೆ ಯಾವ ಸೇವೆಯೂ ನಿಲ್ಲುವುದಿಲ್ಲ, ಹಾಗಾಗಿ ಯಾರೂ ದೂರು ಕೊಡುವುದಿಲ್ಲ.

ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲೇ ಇರುವವನು. ರಜೆಗೆ ಹೋದಾಗ ಅಕ್ಕ ‘ವೈಫೈ ಆಗಾಗ ನಿಧಾನ ಆಗುತ್ತೆ, ಸ್ವಲ್ಪ ನೋಡೋ’ ಅಂದಳು. ಖಾಲಿಯಿದ್ದ ಕಾಟೇಜಿಗೆ ಹೋಗಿ, ಅಡಾಪ್ಟರಿನಿಂದ ವೈಫೈ ಹರಡುವ ಆಕ್ಸೆಸ್ ಪಾಯಿಂಟಿಗೆ ಹೋಗುವ ಲ್ಯಾನ್ ವೈರ್ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿ, ವೈರಿನಲ್ಲಿ ಹರಿಯುವುದನ್ನು ತೋರಿಸುವ ಟಿಸಿಪಿಡಂಪ್‌ ಟೂಲ್‌ನಲ್ಲಿ ಟ್ಯಾಗ್ ಇರುವ ಫ್ರೇಮುಗಳನ್ನು ಮಾತ್ರ ತೋರಿಸುವಂತೆ ಹಾಕಿದೆ. 30 ಮಾತ್ರ ಬರಬೇಕಿತ್ತು. ಪರದೆಯ ಮೇಲೆ ವಿಲ್ಯಾನ್ 20ರ ಎಆರ್‌ಪಿ ಪ್ರಶ್ನೆಗಳು (ಈ ಐಪಿ ವಿಳಾಸ ಯಾರದ್ದು ಎಂದು ಸಾಧನಗಳು ಕೇಳುವುದು) ಸಾಲಾಗಿ ಉರುಳತೊಡಗಿದವು, ನಡುನಡುವೆ 10. ಬಿಲ್ಲಿಂಗ್ ಕಂಪ್ಯೂಟರಿನ ಹೆಸರು ಅದರ ಬ್ರಾಡ್‌ಕಾಸ್ಟಿನಲ್ಲೇ ಕಾಣುತ್ತಿತ್ತು. ಲಿನಕ್ಸ್‌ನಲ್ಲಿ ವಿಲ್ಯಾನ್ 20ಕ್ಕೆ ಒಂದು ಉಪ-ಇಂಟರ್ಫೇಸ್ ಮಾಡುವುದು ಒಂದು ಸಾಲಿನ ಕೆಲಸ. ಮಾಡಿದ ಕೂಡಲೇ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಐಪಿ ಸಿಕ್ಕಿತು, ಬ್ರೌಸರಿನಲ್ಲಿ ರೆಕಾರ್ಡರಿನ ಲಾಗಿನ್ ಪುಟ ಬಂತು. ಅತಿಥಿಗಳು ಕುಟುಂಬ ಸಮೇತ ಬಂದು ಉಳಿಯುವ ಜಾಗ ಅದು. ಯಾವ ಗಾಡಿ ಎಷ್ಟು ಹೊತ್ತಿಗೆ ಒಳಗೆ ಬಂತು, ಯಾರು ಹೊರಗೆ ಹೋದರು ಎಂಬುದೆಲ್ಲ ಆ ರೆಕಾರ್ಡರಿನಲ್ಲಿ ಇರುತ್ತದೆ.

ನೀವೂ ಹೀಗೆ ಪರೀಕ್ಷೆ ಮಾಡುವುದಾದರೆ ಒಂದು ಮಾತು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಷ್ಟೋ ನೆಟ್‌ವರ್ಕ್ ಡ್ರೈವರುಗಳು ಟ್ಯಾಗನ್ನು ಕಿತ್ತುಹಾಕಿಯೇ ಮೇಲಕ್ಕೆ ಕೊಡುತ್ತವೆ. ಟಿಸಿಪಿಡಂಪ್‌ನಂಥದೇ ಟೂಲ್ ಆದ ವೈರ್‌ಶಾರ್ಕ್‌ನಲ್ಲಿ ಟ್ಯಾಗ್ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂದುಕೊಳ್ಳಬೇಡಿ, ಲಿನಕ್ಸ್‌ನಲ್ಲಿ ನೋಡಿ.

ಇನ್‌ಸ್ಟಾಲರ್‌ಗೆ ಫೋನ್ ಮಾಡಿದರೆ, ‘ಸಾರ್, ನಾವು ಸರಿಯಾಗೇ ಮಾಡಿದ್ವಿ, ನಿಮ್ಮ ಲ್ಯಾಪ್‌ಟಾಪಿಂದೇ ಪ್ರಾಬ್ಲಂ ಇರ್ಬೇಕು’ ಅಂದರು. ಭಾವ ಜೋರು ಮಾಡಿದ ಮೇಲೆ ಬಂದರು. ನಾನು ಆಗ ಬೆಂಗಳೂರಿಗೆ ವಾಪಸಾಗಿದ್ದೆ. ಈ ಸಲ ಅವರು ಮಾಡಿದ್ದು ಇನ್ನೂ ದೊಡ್ಡ ಅನಾಹುತ. ಒಂದು ಅಡಾಪ್ಟರನ್ನು ಸರಿಯಾಗಿ ಹೊಂದಿಸಿ, ಅದರ ಪಿಐಬಿ ಕಡತವನ್ನು ಲ್ಯಾಪ್‌ಟಾಪಿಗೆ ಓದಿಕೊಂಡು, ಅದೇ ಕಡತವನ್ನು ಉಳಿದ ಎಲ್ಲ ಅಡಾಪ್ಟರುಗಳಿಗೂ ಬರೆದರು. ಪಿಐಬಿ ಅಂದರೆ ಬರೀ ಸೆಟ್ಟಿಂಗುಗಳಲ್ಲ, ಆ ಅಡಾಪ್ಟರಿನ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಬೇರೆಯೇ ಇರಬೇಕಾದ ಗುರುತು), ಅದರದೇ ಡಿವೈಸ್ ಕೀ, ನೆಟ್‌ವರ್ಕ್ ಕೀ ಎಲ್ಲ ಅದರೊಳಗೇ ಇರುತ್ತವೆ. ಎಲ್ಲ ಅಡಾಪ್ಟರುಗಳಿಗೂ ಒಂದೇ ಮ್ಯಾಕ್ ವಿಳಾಸ ಬಂದು ಕೂತಿತು. ಪವರ್ ದೀಪ ಹಸಿರು, ಪವರ್‌ಲೈನ್ ದೀಪ ಸತ್ತಿದೆ, ಒಂದಕ್ಕೊಂದು ಮಾತೇ ಇಲ್ಲ. ಚೆಕ್‌ಸಮ್ ನೋಡಿದರೆ ಎಲ್ಲ ಸರಿ ಅನ್ನುತ್ತದೆ, ಯಾಕೆಂದರೆ ಕಡತ ಕೆಟ್ಟಿಲ್ಲ, ಇರಬಾರದ ಪೆಟ್ಟಿಗೆಯಲ್ಲಿದೆ ಅಷ್ಟೆ. ವಾರಾಂತ್ಯಕ್ಕೆ ಕಾಟೇಜು ಪೂರ್ತಿ ಬುಕ್ಕಾಗಿತ್ತು. ‘ಅಡಾಪ್ಟರ್ ಸುಟ್ಟಿದೆ, ಹೊಸದು ತಗೋಬೇಕು’ ಅಂದು ಹೋದ ಇನ್‌ಸ್ಟಾಲರ್ ಮತ್ತೆ ಫೋನ್ ಎತ್ತಲಿಲ್ಲ.

ಯಾವುದೂ ಸುಟ್ಟಿರಲಿಲ್ಲ. ಒಂದೊಂದೇ ಅಡಾಪ್ಟರನ್ನು ಬೇರೆಯಾಗಿ ಲ್ಯಾಪ್‌ಟಾಪಿಗೆ ಲ್ಯಾನ್ ವೈರಿನಲ್ಲಿ ಜೋಡಿಸಿ, ಪಿಐಬಿ ಓದಿ, ಹಿಂಬದಿಯ ಸ್ಟಿಕರಿನಲ್ಲಿ ಅಚ್ಚಾಗಿರುವ ಮ್ಯಾಕ್ ವಿಳಾಸ ಮತ್ತು ಡಿವೈಸ್ ಪಾಸ್‌ವರ್ಡಿಗೆ ಸರಿಹೊಂದುವ ಕೀಯನ್ನು ಮಾಡ್‌ಪಿಐಬಿಯಿಂದ ಹಾಕಿ ಮತ್ತೆ ಬರೆದೆ. ಎಲ್ಲ ಎದ್ದು ಕೂತವು. ಸ್ಟಿಕರ್ ಅಳಿಸಿಹೋಗಿದ್ದರೆ ಬಲು ಕಷ್ಟವಾಗುತ್ತಿತ್ತು.

ಸರಿ, ಪಟ್ಟಿಯನ್ನು ಫ್ಲ್ಯಾಶ್‌ಗೆ ಸರಿಯಾಗಿ ಬರೆಸಿದರೆ ಸಾಕಲ್ಲವೇ ಅಂತ ಭಾವ ಕೇಳಿದರು. ಸಾಲದು. ಅಡಾಪ್ಟರ್ ಇರುವುದು ಅತಿಥಿಯ ಕೋಣೆಯಲ್ಲಿ, ಮಂಚದ ಪಕ್ಕದ ಸಾಕೆಟ್ಟಿನಲ್ಲಿ. ಅದರ ಮೈಮೇಲೆ ಪೇರ್ ಬಟನ್ ಇದೆ. ಯಾರಾದರೂ ತಮ್ಮದೇ ಒಂದು ಅಡಾಪ್ಟರ್ ತಂದು, ಇದರ ಬಟನ್ ಒತ್ತಿ, ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಅದರದ್ದೂ ಒತ್ತಿದರೆ ಅವರದ್ದೂ ಜಾಲಕ್ಕೆ ಸೇರುತ್ತದೆ. ಅವರ ಅಡಾಪ್ಟರಿನಲ್ಲಿ ನಮ್ಮ ಫಾರ್ವರ್ಡಿಂಗ್ ಪಟ್ಟಿ ಇರುವುದಿಲ್ಲ. 10, 20, 30 ಎಲ್ಲ ಅವರಿಗೆ ಸಿಗುತ್ತವೆ. ಹೋಮ್‌ಪ್ಲಗ್ ಎವಿ ಎಂಬ ಮಾನದಂಡದ ಪವರ್‌ಲೈನ್ ಅಡಾಪ್ಟರುಗಳು 128 ಬಿಟ್ ಎಇಎಸ್ ಗೂಢಲಿಪೀಕರಣ ಬಳಸುತ್ತವೆ ನಿಜ, ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಚುಚ್ಚಿದರೆ ಪಾಸ್‌ವರ್ಡ್ ಎಷ್ಟೋ ಮಾದರಿಗಳಲ್ಲಿ ‘ಹೋಮ್‌ಪ್ಲಗ್‌ಎವಿ’ ಎಂಬ ಒಂದೇ ಪದ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಅಡಾಪ್ಟರೂ ಅದೇ ಪದದಲ್ಲಿದ್ದರೆ ಮೀಟರ್ ದಾಟಿ ಎರಡೂ ಒಂದಾಗಬಹುದು. ಇನ್ನು, ಅಡಾಪ್ಟರಿನ ಲ್ಯಾನ್ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿದವರು ಅದೇ ಪಿಎಲ್‌ಸಿಟೂಲ್‌ನಿಂದ ಪಿಐಬಿ ಓದಿಕೊಂಡರೆ ನೆಟ್‌ವರ್ಕ್ ಕೀ ಕೈಗೆ ಸಿಕ್ಕಿತು. ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ.

ಭಾವನ ಮನೆಯಲ್ಲಿ ಈಗ ದೊಡ್ಡಮನೆಯಿಂದ ಕಾಟೇಜುಗಳಿಗೆ ಪೈಪಿನೊಳಗೆ ಆಪ್ಟಿಕಲ್ ಫೈಬರ್ ಹೋಗಿದೆ. ಲೋಹದ ತಂತಿಯಿಲ್ಲದ ಫೈಬರ್ ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ಸಿಡಿಲಿನ ಹೊಡೆತ ಆ ದಾರಿಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಎರಡೂ ತುದಿಗೆ ಸಣ್ಣ ಮ್ಯಾನೇಜ್ಡ್ ಸ್ವಿಚ್ ಬೀಗವಿರುವ ಡಬ್ಬದಲ್ಲಿದೆ, ಕೋಣೆಯೊಳಗೆ ಬರುವ ವೈರಿನಲ್ಲಿ ಅತಿಥಿಗಳ ಟ್ರಾಫಿಕ್ ಮಾತ್ರ, ಅದೂ ಟ್ಯಾಗ್ ಇಲ್ಲದೆ. ಮಣ್ಣು ಅಗೆಯುವ ಖರ್ಚು ಬಿದ್ದಿತು, ಬೀಳಲೇಬೇಕಾದ ಖರ್ಚು. ಹಳೆ ಅಡಾಪ್ಟರುಗಳಲ್ಲಿ ಎರಡನ್ನು ಪಂಪ್‌ಹೌಸಿನ ಕಂಟ್ರೋಲರಿಗೆ ಇಟ್ಟುಕೊಂಡಿದ್ದಾರೆ, ಪಾಸ್‌ವರ್ಡ್ ಬದಲಾಯಿಸಿ, ಒಂದೇ ನೆಟ್‌ವರ್ಕ್ ಹರಿಯುವಂತೆ.

ಫೈಬರ್ ಎಳೆಯಲಾಗದೆ ಪವರ್‌ಲೈನೇ ಗತಿ ಅಂತಿದ್ದರೆ, ಒಂದು ಜೋಡಿ ಅಡಾಪ್ಟರಿನಲ್ಲಿ ಒಂದೇ ನೆಟ್‌ವರ್ಕ್ ಕಳಿಸಿ. ಅತಿಥಿಗಳ ವೈಫೈ ಕಳಿಸುವ ಜೋಡಿಯ ನೆಟ್‌ವರ್ಕ್ ಪಾಸ್‌ವರ್ಡ್ ಬೇರೆಯೇ ಇರಲಿ, ಅದರಲ್ಲಿ ಬೇರೇನೂ ಬೇಡ. ಟ್ರಂಕ್ (ಒಂದೇ ದಾರಿಯಲ್ಲಿ ಹಲವು ವಿಲ್ಯಾನ್) ಹೋಗಲೇಬೇಕಾದರೆ ಎರಡೂ ತುದಿಗೆ ಮ್ಯಾನೇಜ್ಡ್ ಸ್ವಿಚ್ ಇರಲಿ, ಅಡಾಪ್ಟರ್ ಹೊರಗಿನವರ ಕೈಗೆ ಸಿಗದ ಜಾಗದಲ್ಲಿರಲಿ. ಕೆಲಸ ಮಾಡಿದವರಿಗೆ ದುಡ್ಡು ಕೊಡುವ ಮೊದಲು ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ, ಪರೀಕ್ಷೆಯನ್ನು ನಿಮ್ಮ ಮುಂದೆಯೇ ಇನ್ನೊಮ್ಮೆ ಮಾಡಿಸಿ. ಪ್ರತಿ ಅಡಾಪ್ಟರಿನ ಸ್ಟಿಕರಿನ ಫೋಟೊ ಮತ್ತು ಯಾರೂ ಮುಟ್ಟುವ ಮುಂಚಿನ ಪಿಐಬಿ ಕಡತ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಇನ್‌ಸ್ಟಾಲರ್ ಲ್ಯಾಪ್‌ಟಾಪಿನಲ್ಲಿ ಮಾತ್ರ ಬಿಡಬೇಡಿ.